ಹೊಳೆಯ ನೋಣಯ್ಯ ಕರೆತಂದ ಅತಿಥಿ

ಬೆಂಗ್ರೆಯಲ್ಲಿ ನೋಣಯ್ಯ ಎಂದರೆ ಯಾವ ನೋಣಯ್ಯ ಎಂದು ಕೇಳುತ್ತಿದ್ದರು. ಹೊಳೆಯ ನೋಣಯ್ಯ ಎಂದರೆ ನಗುತ್ತಿದ್ದರು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ, ನಡುವೆ ಉದ್ದಕ್ಕೆ ಮಲಗಿದ ಮರಳದಿಣ್ಣೆ. ಅಂಥ ಊರಿನಲ್ಲಿ ಗಂಡಸು ಎನ್ನಿಸಿಕೊಂಡವನು ಪಡುವಣಕ್ಕೆ, ಸಮುದ್ರಕ್ಕೆ ಹೋಗಬೇಕು. ನೋಣಯ್ಯ ಹೋಗುತ್ತಿದ್ದುದು ಮೂಡಣಕ್ಕೆ. ಜನರನ್ನು ಹೊಳೆ ದಾಟಿಸಿ ಮಂಗಳೂರಿನ ಬಂದರು ದಕ್ಕೆಗೆ ಮುಟ್ಟಿಸುವುದು, ಅಲ್ಲಿದ್ದವರನ್ನು ಹತ್ತಿಸಿಕೊಂಡು ಬರುವುದು, ಅಷ್ಟೇ ಅವನ ಕೆಲಸ. ಎಳವೆಯಲ್ಲಿ ಒಮ್ಮೆ ತೆರೆಗೆ ಸಿಕ್ಕಿ ಹೇಗೋ ಬದುಕಿ ಬಂದವನು. ಆಮೇಲೆ ಸಮುದ್ರದ ದೋಣಿ ಹತ್ತಿದರೆ ಸಾಕು, ಕೈಕಾಲು ತಣ್ಣಗಾಗುತ್ತಿತ್ತು. ಅದಕ್ಕೆ ಅವನೇನು ಮಾಡಬೇಕಿತ್ತು, ಹೇಳಿ? ಊರಿಗೆ ಕರುಣೆ ಎಂಬುದು ಬೇಡವೇ? ಮೀನು ಒಣಗಿಸುವ ಹೆಂಗಸರು ಕೂಡ "ಹೊಳೆಯವ ಬಂದ" ಎಂದು ಮೂಗು ಮುರಿಯುತ್ತಿದ್ದರು.

ನಗದವನು ಒಬ್ಬನೇ, ತಮ್ಮ ವಾಸು. ಸಮುದ್ರದಲ್ಲಿ ವಾಸುವಿಗೆ ಸರಿಸಾಟಿ ಇರಲಿಲ್ಲ. ಆದರೂ ಅಣ್ಣನ ಎದುರು ಒಂದು ದಿನವೂ ಎದೆ ಉಬ್ಬಿಸಿದವನಲ್ಲ. ಯಾರಾದರೂ ನೋಣಯ್ಯನನ್ನು ಕೆಣಕಿದರೆ ಅವನ ಹುಬ್ಬು ಗಂಟಾಗುತ್ತಿತ್ತು, ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಸಾವಿರದ ಒಂಬೈನೂರ ಮೂವತ್ತಾರರ ಬೇಸಿಗೆಯಲ್ಲಿ ಊರಿನ ಭಜನಾ ಮಂದಿರದ ಹುಲ್ಲಿನ ಮಾಡು ತೆಗೆದು ಹಂಚು ಹೊದೆಸಿದರು. ಅದನ್ನು ತೆರೆಯುವುದಕ್ಕೆ ದೊಡ್ಡವರೊಬ್ಬರು ಬರಬೇಕೆಂದು ಮಾತಾಯಿತು. ಯಾರನ್ನು ಕರೆಯುವುದು? ವಕೀಲರು ಒಲ್ಲೆ ಎಂದರು, ಡಾಕ್ಟರರು ಮೀನಿನ ವಾಸನೆಯ ಊರಿಗೆ ಯಾಕೆ ಎಂಬಂತೆ ಮುಖ ತಿರುಗಿಸಿದರು. ಆಗ ನೋಣಯ್ಯನ ಬಾಯಿಂದ ಬಂತು: "ನಾಟಕದ ಶಂಭು ಮಾಸ್ಟ್ರನ್ನು ನಾನು ಕರ್ಕೊಂಡು ಬರ್ತೇನೆ."

ಮಂದಿರದಲ್ಲಿ ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಶಂಭು ಮಾಸ್ಟ್ರು ಎಂದರೆ ಸಾಮಾನ್ಯರೇ? ಅವರ ಹಾಡಿನ ಗ್ರಾಮಫೋನ್ ಪ್ಲೇಟು ಬಂದರಿನ ಹೋಟೆಲಿನಲ್ಲಿ ತಿರುಗಿದರೆ ಹಮಾಲಿಗಳು ಮೂಟೆ ಇಳಿಸಿ ನಿಲ್ಲುತ್ತಿದ್ದ ಕಾಲ ಅದು. "ಹೊಳೆ ದಾಟಿಸುವವನ ಮಾತಿಗೆ ಮಾಸ್ಟ್ರು ಬರುವುದುಂಟಾ ಮಾರಾಯ!" ಎಂದು ಯಾರೋ ಚುಚ್ಚಿದರು. ನೋಣಯ್ಯನ ಕಿವಿ ಕೆಂಪಾಯಿತು. ಇದೊಂದು ಮಾತು ನಿಲ್ಲದಿದ್ದರೆ ಊರಿನಲ್ಲಿ ತಲೆ ಎತ್ತಿ ತಿರುಗುವ ಹಾಗಿಲ್ಲ ಎಂದು ಅವನಿಗೆ ಆ ಕ್ಷಣವೇ ತಿಳಿಯಿತು.

ಮರುದಿನ ಬಾಳೆಲೆಯಲ್ಲಿ ವೀಳ್ಯದೆಲೆ, ಅಡಿಕೆ ಕಟ್ಟಿಕೊಂಡು ಪೇಟೆಗೆ ಹೋದ. ನಾಟಕದ ಕಂಪೆನಿ ಮಳೆಗಾಲಕ್ಕೆ ಮೊದಲು ಊರು ಬಿಡುವ ತಯಾರಿಯಲ್ಲಿತ್ತು. ಡೇರೆಯ ಹಿಂದೆ ಬನಿಯನ್ನಿನಲ್ಲಿ ಕೂತು ಗಂಟಲಿಗೆ ಬಿಸಿನೀರು ಹಾಕಿಕೊಳ್ಳುತ್ತಿದ್ದ ಮನುಷ್ಯನೇ ಶಂಭು ಮಾಸ್ಟ್ರು ಎಂದು ಅವನಿಗೆ ಮೊದಲು ನಂಬಿಕೆ ಬರಲಿಲ್ಲ. ಕೆನ್ನೆ ಜೋತುಬಿದ್ದಿತ್ತು. ಈಚೆಗೆ ಡೇರೆ ತುಂಬುತ್ತಿರಲಿಲ್ಲ ಎಂಬುದು ಊರಿಗೇ ಗೊತ್ತಿದ್ದ ಸಂಗತಿ.

"ನೋಡಪ್ಪ, ನನಗೆ ಕೊಡುವುದು ಬಿಡುವುದು ಏನೂ ಬೇಡ," ಎಂದರು ಮಾಸ್ಟ್ರು. "ಆದರೆ ಬರಿಯ ದಡಕ್ಕೆ ನಾನು ಇಳಿಯುವುದಿಲ್ಲ. ಜನ ಇರಬೇಕು. ಇಲ್ಲದಿದ್ದರೆ ದೋಣಿಯಿಂದಲೇ ತಿರುಗಿ ಹೋಗುತ್ತೇನೆ."

"ಇಡೀ ಬೆಂಗ್ರೆ ದಡದಲ್ಲಿ ಇರ್ತದೆ, ಮಾಸ್ಟ್ರೇ. ಒಂದು ನರಪಿಳ್ಳೆ ತಪ್ಪುವುದಿಲ್ಲ," ಎಂದ ನೋಣಯ್ಯ.

ಮಾಸ್ಟ್ರು ಅವನ ಮುಖವನ್ನೇ ನೋಡಿ ವೀಳ್ಯ ತೆಗೆದುಕೊಂಡರು. ಕೊಟ್ಟ ವೀಳ್ಯ ಕೊಟ್ಟದ್ದೇ, ತೆಗೆದುಕೊಂಡದ್ದು ತೆಗೆದುಕೊಂಡದ್ದೇ. ಆ ಮೇಲೆ ಮಾತು ಬದಲಿಸುವ ಕ್ರಮ ಈ ಸೀಮೆಯಲ್ಲಿಲ್ಲ. ಹೊರಡುವಾಗ ಮಾಸ್ಟ್ರು ನಗುತ್ತ, "ಒಳ್ಳೆ ಅಂಜಲ್ ಮೀನು ತಿಂದು ಕಾಲವಾಯಿತಪ್ಪ," ಎಂದರು. ನೋಣಯ್ಯನ ಕಾಲು ನೆಲದ ಮೇಲಿರಲಿಲ್ಲ. ಊರಿನಲ್ಲಿ ನಕ್ಕಿದ್ದವರ ಬಾಯಿ ಅಂದೇ ಮುಚ್ಚಿತು.

ಮಂದಿರ ತೆರೆಯುವ ದಿನ ಊರಿಗೆ ರಜೆ. ದೋಣಿಗಳೆಲ್ಲ ಮರಳಿನ ಮೇಲೆ. ಆದರೆ ಬೆಳಗ್ಗೆಯೇ ನೋಣಯ್ಯ ತಮ್ಮನ ಮನೆಬಾಗಿಲಲ್ಲಿ ನಿಂತಿದ್ದ.

"ವಾಸು, ಒಂದು ಅಂಜಲ್ ಸಿಕ್ಕಿದರೆ ನನ್ನ ಮರ್ಯಾದೆ ಉಳೀತದೆ."

ವಾಸುವಿನ ಹೆಂಡತಿ ಕುಮುದಿನಿ ಒಳಗಿನಿಂದ, "ಕಡಲು ಸರಿ ಇಲ್ಲ ಭಾವ, ತೆರೆ ಏಳ್ತಾ ಉಂಟು," ಎಂದಳು. ವಾಸು ನಕ್ಕು ಹುಟ್ಟು ಹೆಗಲಿಗೇರಿಸಿದ. "ಅಣ್ಣ ನನ್ನಲ್ಲಿ ಇಷ್ಟರವರೆಗೆ ಎಂತ ಕೇಳಿದ್ದು? ಸಂಜೆಯೊಳಗೆ ಬರ್ತೇನೆ." ಸಣ್ಣ ದೋಣಿ, ಒಬ್ಬನೇ ಹೋದ.

ಇಲ್ಲಿ ಒಂದು ವಿಷಯ ಹೇಳಬೇಕು. ಸಮುದ್ರದಿಂದ ಬರುವವನಿಗೆ ತೆರೆಯ ಬೆನ್ನು ಮಾತ್ರ ಕಾಣುತ್ತದೆ, ಅದು ಎಲ್ಲಿ ಒಡೆಯುತ್ತದೆ ಎಂದು ಕಾಣುವುದಿಲ್ಲ. ಅದು ಕಾಣುವುದು ದಡದವನಿಗೆ. ಹಾಗಾಗಿ ದೋಣಿ ಹೊರಗಿದ್ದರೆ ಕಣ್ಣು ಪಳಗಿದವನೊಬ್ಬ ಮರಳಿನ ಮೇಲೆ ಇರಲೇಬೇಕು. ಎರಡು ತೆರೆಯ ನಡುವೆ ಸಂದು ಬಿದ್ದಾಗ ಅವನು ಬಿಳಿ ಬಟ್ಟೆ ಎತ್ತುತ್ತಾನೆ, ಬಟ್ಟೆ ಎದ್ದಾಗ ದೋಣಿ ಒಳಗೆ ನುಗ್ಗುತ್ತದೆ. ಬೆಂಗ್ರೆಯಲ್ಲಿ ಆ ಬಟ್ಟೆ ಮುದ್ದು ಅಜ್ಜನ ಕೈಯಲ್ಲಿತ್ತು. ಊರಿಗೆಲ್ಲ ಹಿರಿಯ ಅವನೇ. ಬಂದವರಿಗೆ ಬೆಲ್ಲ ನೀರು ಕೊಡಬೇಕಾದದ್ದು ಊರಿನ ಹಿರಿಯನ ಕೈ. ಅದೂ ಅವನದೇ.

ಮಾಸ್ಟ್ರನ್ನು ಕರೆತರಲು ಹೊರಡುವ ಮೊದಲು ನೋಣಯ್ಯ ಪಡುವಣ ದಡಕ್ಕೆ ಓಡಿದ.

"ಅಜ್ಜ, ಹೊಳೆಯ ಕಡೆಗೆ ಬನ್ನಿ. ಬೆಲ್ಲ ನೀರು ನೀವೇ ಕೊಡಬೇಕು."

"ದೋಣಿ ಹೊರಗೆ ಉಂಟು," ಎಂದ ಅಜ್ಜ, ಸಮುದ್ರದಿಂದ ಕಣ್ಣು ತೆಗೆಯದೆ.

"ವಾಸು ಬರುವಾಗ ಸಂಜೆಯಾಗ್ತದೆ. ಅಷ್ಟರಲ್ಲಿ ನೀವು ತಿರುಗಿ ಬಂದಾಗಿರ್ತದೆ."

"ಹಾಗಾದರೆ ಇಲ್ಲಿ ಯಾರನ್ನಾದರೂ ನಿಲ್ಲಿಸು ಮಾರಾಯ."

ನಿಲ್ಲಿಸಬಹುದಿತ್ತು. ಬಟ್ಟೆ ಎತ್ತಬಲ್ಲ ಹಳೆಯ ಕೈಗಳು ಊರಲ್ಲಿ ಇನ್ನೂ ಇದ್ದವು. ಆದರೆ ಮಾಸ್ಟ್ರನ್ನು ನೋಡುವುದು ಬಿಟ್ಟು ಬಾ ಎಂದು ಯಾರನ್ನು ಕರೆಯುವುದು? ಅದಕ್ಕಿಂತ ಹೆಚ್ಚಾಗಿ, ದಡದ ಗುಂಪಿನಲ್ಲಿ ಒಂದು ತಲೆ ಕಡಿಮೆಯಾಗುವುದೂ ನೋಣಯ್ಯನಿಗೆ ಬೇಡವಾಗಿತ್ತು. ಒಂದು ನರಪಿಳ್ಳೆ ತಪ್ಪುವುದಿಲ್ಲ ಎಂದು ವೀಳ್ಯ ಕೊಟ್ಟು ಬಂದವನಲ್ಲವೇ! "ಒಂದು ಗಳಿಗೆ ಅಜ್ಜ, ನನ್ನ ಮಾತು ಉಳಿಸಿ," ಎಂದು ಕಾಲು ಹಿಡಿದ. ಅಜ್ಜ ಬಟ್ಟೆ ಹೆಗಲಿಗೆ ಹಾಕಿಕೊಂಡು ಎದ್ದ.

ಆ ಒಂದು ಗಳಿಗೆ ಬೆಳೆಯುತ್ತ ಹೋಯಿತು. ಮಾಸ್ಟ್ರು ಊಟ ಮಾಡಿ ಮಲಗಿದ್ದರು. ಎದ್ದ ಮೇಲೆ ಮುಖಕ್ಕೆ ಬಣ್ಣ ಸವರಿಕೊಂಡರು, ಜರಿಶಾಲು ಸಿಗಲಿಲ್ಲವೆಂದು ಆಳುಗಳ ಮೇಲೆ ರೇಗಿದರು. ದಕ್ಕೆಯಲ್ಲಿ ಕಾಯುತ್ತಿದ್ದ ನೋಣಯ್ಯ ದೋಣಿಯ ಹಗ್ಗ ಬಿಚ್ಚುತ್ತಿದ್ದ, ಮತ್ತೆ ಕಟ್ಟುತ್ತಿದ್ದ. ಎಲ್ಲಿ ಬರದೇ ಹೋಗುತ್ತಾರೋ, ಎಲ್ಲಿ ಜನ ಬೇಸತ್ತು ಚದುರುತ್ತಾರೋ ಎಂಬುದೇ ಅವನ ಚಿಂತೆ. ಅಯ್ಯೋ, ತಮ್ಮನ ನೆನಪು ಒಮ್ಮೆಯೂ ಬರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ದೋಣಿ ಹೊಳೆಯ ನಡುವೆ ಬಂದಾಗ ದಡ ಕಂಡಿತು. ಇಡೀ ಬೆಂಗ್ರೆ! ಹೆಗಲಿಗೆ ಹೆಗಲು ತಾಗಿಸಿ ನಿಂತ ಜನ, ಡೋಲು, ಕದಿನ ಸಿಡಿಯುವ ಸದ್ದು. ಮಾಸ್ಟ್ರ ಕಣ್ಣಲ್ಲಿ ನೀರಾಡಿತು. "ಭೇಷ್ ನೋಣಯ್ಯ," ಎಂದು ಅವನ ಹೆಗಲು ತಟ್ಟಿದರು. ಜನರ ಗುಂಪಿನಿಂದ ಯಾರೋ "ನೋಣಯ್ಯಣ್ಣನಿಗೆ ಜೈ" ಎಂದು ಕೂಗಿದರು. ಹುಟ್ಟಿದಲ್ಲಿಂದ ಅವನ ಹೆಸರಿನ ಮುಂದೆ ಹೊಳೆ ಇಲ್ಲದೆ ಊರು ಕೂಗಿದ್ದು ಅದೇ ಮೊದಲು.

ಅಜ್ಜ ಬೆಲ್ಲ ನೀರು ಕೊಟ್ಟ. ಮಾಸ್ಟ್ರು ಲೋಟ ಬಾಯಿಗೆ ಇಟ್ಟಿದ್ದರಷ್ಟೆ. ಡೋಲು ನಿಂತಿತು. ನಿಂತ ಕೂಡಲೆ ಪಡುವಣ ಕಡೆಯಿಂದ ಒಂದು ಹೆಂಗಸಿನ ಕಿರುಚು ಕೇಳಿಸಿತು. ಕುಮುದಿನಿಯ ದನಿ.

ಸಮುದ್ರದವರಿಗೆ ಆ ಕಿರುಚಿನ ಅರ್ಥ ಯಾರೂ ಹೇಳಬೇಕಾಗಿಲ್ಲ. ಜನ ಒಂದೇ ಉಸಿರಿಗೆ ಓಡಿದರು. ಹೊಳೆಯ ದಡದಲ್ಲಿ ಹಾರ ಹಾಕಿಕೊಂಡ ಶಂಭು ಮಾಸ್ಟ್ರು ಲೋಟ ಹಿಡಿದು ಒಬ್ಬರೇ ಉಳಿದರು. "ಎಂಥದಪ್ಪ? ಏನಾಯಿತು?" ಎಂದು ಕೇಳಿದರು.

ದೋಣಿ ಮಗುಚಿ ದಡಕ್ಕೆ ಬಿದ್ದಿತ್ತು. ಒಳಗಿನ ಅಡ್ಡಮರಕ್ಕೆ ಹಗ್ಗದಲ್ಲಿ ಬಿಗಿದ ಅಂಜಲ್ ಮೀನು ಹಾಗೆಯೇ ಇತ್ತು, ಒಳ್ಳೆಯ ದೊಡ್ಡದು. ವಾಸುವನ್ನು ತೆರೆ ಕತ್ತಲಾಗುವ ಮೊದಲು ತಂದು ಹಾಕಿತು. ದೋಣಿಯ ಅಂಚು ತಲೆಗೆ ಬಡಿದಿತ್ತು.

ಕುಮುದಿನಿ ಅಳಲಿಲ್ಲ. ನೋಣಯ್ಯನನ್ನು ನೋಡಿ ಹೇಳಿದಳು: "ತೆರೆಯ ಆಚೆ ತುಂಬ ಹೊತ್ತು ನಿಂತಿದ್ದರು, ಭಾವ. ನಾನು ಹೊಳೆಯ ಕಡೆಗೆ ಓಡುವಾಗಲೇ ನೋಡಿದ್ದೇನೆ. ಕೂ ಹಾಕ್ತಾ ಇದ್ದರು. ಬಟ್ಟೆ ಎತ್ಲಿಕ್ಕೆ ಅಜ್ಜ ದಡದಲ್ಲಿ ಇದ್ದೇ ಇರ್ತಾರೆ ಅಂತ ನಾನು ಮಾಸ್ಟ್ರನ್ನು ನೋಡ್ಲಿಕ್ಕೆ ಬಂದೆ. ಅಲ್ಲಿ ಅಜ್ಜನ ಕೈಯಲ್ಲಿ ಲೋಟ ಕಂಡಿತು. ತಿರುಗಿ ಓಡಿ ಬರುವಾಗ ಮುಗಿದಿತ್ತು."

ಅವಳು ಬೈದಿದ್ದರೆ ಚೆನ್ನಾಗಿತ್ತು. ನೋಣಯ್ಯ ಮರಳಿನಲ್ಲಿ ಕುಸಿದು ಎದೆ ಎದೆ ಬಡಿದುಕೊಂಡ. ಯಾರೂ ಅವನ ಕೈ ಹಿಡಿಯಲಿಲ್ಲ. ಮುದ್ದು ಅಜ್ಜ ಹೆಗಲಿನ ಬಿಳಿ ಬಟ್ಟೆ ತೆಗೆದು ವಾಸುವಿನ ಮುಖಕ್ಕೆ ಹೊದೆಸಿದ. ಆ ಮೇಲೆ ಅಜ್ಜ ಮನೆಯಿಂದ ಹೊರಗೆ ಬರಲಿಲ್ಲ, ಮಳೆ ಮುಗಿಯುವುದರೊಳಗೆ ತೀರಿಕೊಂಡ. ಮಂದಿರದ ಬಾಗಿಲನ್ನು ಯಾವತ್ತೋ ಒಂದು ದಿನ ಗಾಳಿ ತೆರೆಯಿತು. ಜನ ಹಾಗೆಯೇ ಒಳಗೆ ಹೋಗಿ ದೀಪ ಹಚ್ಚಿದರು.

ಮಳೆಗಾಲ ಕಳೆದು ದೋಣಿಗಳು ಇಳಿದಾಗ ಪಡುವಣ ದಡದಲ್ಲಿ ನೋಣಯ್ಯ ಬಟ್ಟೆ ಹಿಡಿದು ನಿಂತಿದ್ದ. ಹೊಳೆಯ ದೋಣಿ ಬೇರೆಯವರ ಪಾಲಾಗಿತ್ತು. ಮೊದಮೊದಲು ಅವನ ಬಟ್ಟೆ ಎದ್ದರೂ ಯಾರೂ ಒಳಗೆ ಬರುತ್ತಿರಲಿಲ್ಲ, ತಮ್ಮ ಕಣ್ಣನ್ನೇ ನಂಬಿ ಬರುತ್ತಿದ್ದರು. ಅವನು ಕದಲಲಿಲ್ಲ. ಬಿಸಿಲಿಗೆ ಕಣ್ಣಿನ ಸುತ್ತ ಚರ್ಮ ಸುಟ್ಟು ಕರಕಲಾಯಿತು. ಬರಬರುತ್ತ ದೋಣಿಗಳು ಅವನ ಬಟ್ಟೆಗೆ ಕಾಯತೊಡಗಿದವು. ಆದರೂ ದಡಕ್ಕೆ ಇಳಿದವರು ಅವನೊಡನೆ ಮಾತಾಡುತ್ತಿದ್ದುದು ಕಡಿಮೆ. ಸಂಜೆ ಕುಮುದಿನಿ ಗಂಜಿ ತಂದು ಅವನ ಪಕ್ಕದ ಮರಳಿನಲ್ಲಿ ಇಟ್ಟು ಹೋಗುತ್ತಿದ್ದಳು. ಅವಳೂ ಮಾತಾಡುತ್ತಿರಲಿಲ್ಲ.

ಎಷ್ಟೋ ವರ್ಷದ ಮೇಲೆ, ನೋಣಯ್ಯನ ತಲೆ ಪೂರ್ತಿ ಬೆಳ್ಳಗಾದ ಕಾಲಕ್ಕೆ, ಮಂದಿರದ ವರ್ಧಂತಿಗೆ ಪೇಟೆಯಿಂದ ಯಾರೋ ದೊಡ್ಡವರು ಬರುವುದಿತ್ತು. ಹೊಸ ತಲೆಮಾರಿನ ಗಿರಿಯಪ್ಪ ಕರೆಯಲು ಬಂದ.

"ನೋಣಯ್ಯಜ್ಜ, ಹೊಳೆಯ ಕಡೆಗೆ ಬನ್ನಿ. ಈಗ ಊರಿಗೆ ಹಿರಿಯರು ನೀವೇ. ಬೆಲ್ಲ ನೀರು ನೀವು ಕೊಡಬೇಕು."

ನೋಣಯ್ಯ ಸಮುದ್ರದಿಂದ ಕಣ್ಣು ತೆಗೆಯಲಿಲ್ಲ.

"ದೋಣಿ ಹೊರಗೆ ಉಂಟು," ಎಂದ.

ಗಿರಿಯಪ್ಪ ಹಿಂದೆ ತಿರುಗಿ ನೋಡಿದ. ಅಂದು ಊರಿಗೆ ರಜೆ. ದೋಣಿಗಳೆಲ್ಲ ಮರಳಿನ ಮೇಲೆ ಸಾಲಾಗಿ ಮಲಗಿದ್ದವು. "ಯಾವ ದೋಣಿ ಅಜ್ಜ? ಎಲ್ಲ ಇಲ್ಲೇ ಉಂಟಲ್ಲ," ಎಂದ.

ಗಂಜಿ ತಂದಿದ್ದ ಕುಮುದಿನಿ ಪಾತ್ರೆ ಕೆಳಗಿಟ್ಟಳು. "ನೀನು ಹೋಗು ಮಗಾ," ಎಂದಳು ಗಿರಿಯಪ್ಪನಿಗೆ. "ಉಂಟು, ಒಂದು ಹೊರಗೆ ಉಂಟು." ಹಾಗೆಂದು ನೋಣಯ್ಯನ ಪಕ್ಕದಲ್ಲಿ ಮರಳಿನ ಮೇಲೆ ಕೂತಳು.