ಗುದ್ದುವವನ ಚಿಂತೆ

ಸಿಂಗಾಪುರದ ತಂಜಾಂಗ್ ಪಗಾರ್‌ನ ಬ್ಯಾಂಕೊಂದರಲ್ಲಿ ದೊಡ್ಡ ದೊಡ್ಡ ಫೈಲುಗಳಿಗೆ ಕಣ್ಣು ಮಿಟುಕಿಸದೆ ಸಹಿ ಹಾಕುವ ದ್ವಾರಕನಾಥರು, ಕಾರಿನ ಇನ್ಶೂರೆನ್ಸ್ ರಿನ್ಯೂ ಮಾಡಿಸುವ ತಿಂಗಳು ಬಂತೆಂದರೆ ಮಗಳಿಗೆ ಗಂಡು ನೋಡುವವರಂತೆ ಊರೆಲ್ಲ ವಿಚಾರಿಸಲು ಹೊರಡುತ್ತಾರೆ. ಇನ್ಶೂರೆನ್ಸೇ ಇಲ್ಲದ ಗಾಡಿ ಬಂದು ಗುದ್ದಿದರೆ ನಮ್ಮ ಕಂಪನಿಯೇ ನಷ್ಟ ತುಂಬಿಕೊಡುವ ಒಂದು ಹೆಚ್ಚುವರಿ ಕವರ್ ಇದೆಯಲ್ಲ, ಅದನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂಬುದೇ ಅವರ ತಲೆನೋವು. ಕಾರ್ ಪಾರ್ಕಿನಲ್ಲಿ ಅಕ್ಕಪಕ್ಕದ ಗಾಡಿಗಳಿಗೆ ಸುತ್ತು ಹಾಕಿ, "ಇವನದು ಇರತ್ತೆ, ಇವನದು ಡೌಟು" ಎಂದು ಜಾತಕ ಹೇಳುತ್ತಾರೆ. ಲಿಫ್ಟಿನಲ್ಲಿ ಸಿಕ್ಕ ಪಕ್ಕದ ಮನೆಯ ಅವಿನಾಶ್ ತನ್ನ ಬಂಪರ್ ಹೋದ ಕತೆ ಶುರುಮಾಡಿದರೆ, ಏಟಾಯಿತೇ ಎಂದು ಕೇಳುವುದಿಲ್ಲ, "ಆಮೇಲೆ ಗುದ್ದಿದವನು ಏನಾದ?" ಎನ್ನುತ್ತಾರೆ. "ಯಾರಿಗೆ ಗೊತ್ತು ಅಂಕಲ್!" ಎಂದು ಅವನು ನಕ್ಕರೆ ಇವರ ಮುಖ ಸಪ್ಪಗಾಗುತ್ತದೆ. ಇಷ್ಟಕ್ಕೂ ಆ ಕಾರು ವಾರಕ್ಕೊಮ್ಮೆ ದೇವಸ್ಥಾನಕ್ಕೆ, ಅಪರೂಪಕ್ಕೆ ಸೇತುವೆ ದಾಟಿ ಮಲೇಷ್ಯಾದ ಜೊಹೋರಿಗೆ ಹೋಗುವುದು ಬಿಟ್ಟರೆ ಕ್ಲೆಮೆಂಟಿಯ ಮನೆಯ ಕೆಳಗೇ ನಿದ್ದೆ ಹೊಡೆಯುತ್ತದೆ. ಕೇಳಿದವರೆಲ್ಲ ಬೇಡವೆಂದರೂ ಕೊನೆಗೆ ಕವರ್ ಇಟ್ಟುಕೊಳ್ಳುವುದೇ. ಹೆಂಡತಿ ಹಂಸಾಳಿಗೆ ಇದು ವರ್ಷವರ್ಷದ ಕುತೂಹಲ, ಈ ಸಲ ಕೇಳಿಯೇಬಿಟ್ಟಳು: "ಇಲ್ಲಿ ಎಲ್ಲರ ಹತ್ರಾನೂ ಇನ್ಶೂರೆನ್ಸ್ ಇದ್ದೇ ಇರತ್ತಲ್ರೀ, ಯಾಕೆ ಅದು? ಕ್ಯಾನ್ಸಲ್ ಮಾಡಿ ಅತ್ಲಾಗೆ." ಅವರು ಕಾರಿನ ಗಾಜು ಒರೆಸುತ್ತಲೇ ಹೇಳಿದರು: "ಮೈಸೂರಲ್ಲಿ ಅಪ್ಪನಿಗೆ ಆಟೋ ಗುದ್ದಿತ್ತಲ್ಲ, ಆ ಆಟೋದವನಿಗೆ ಇನ್ಶೂರೆನ್ಸ್ ಇರಲಿಲ್ಲ ಹಂಸಾ. ನಮ್ಮ ಆಸ್ಪತ್ರೆ ಖರ್ಚು ಕೊಡೋಕೆ ಆಟೋ ಮಾರಿಬಿಟ್ಟ. ಆಮೇಲೂ ಅಪ್ಪನ್ನ ನೋಡೋಕೆ ದಿನಾ ಬರ್ತಿದ್ದ, ನಡ್ಕೊಂಡು."