ಸುಧಾ ಆಂಟಿಯ ಡಬ್ಬಿಗಳು

ಲೀಡ್ಸಿನ ಸುಧಾ ಆಂಟಿಯ ಅಡುಗೆಮನೆಯಲ್ಲಿ ಉಪ್ಪು ಹುಡುಕುವುದಕ್ಕೂ ಓದು ಬರಬೇಕಿತ್ತು. ಬೇಳೆಕಾಳಿನ ಡಬ್ಬಿಗಳಿಗೆ ಫ್ರೆಂಚ್ ಚೀಟಿ. ಉಪ್ಪು, ಸಕ್ಕರೆ, ಮಸಾಲೆಗಳಿಗೆ ಜರ್ಮನ್. ಅವರ ಗಂಡ ಡಾಕ್ಟರ್ ಅಂಕಲ್ ಇಪ್ಪತ್ತು ವರ್ಷ ಕ್ಲಿನಿಕ್ಕಿನಲ್ಲಿ ರೋಗಿಗಳನ್ನು ನೋಡಿದವರು. ಜೀರಿಗೆ ಯಾವುದೆಂದು ತಿಳಿಯದೆ ಒಮ್ಮೆ ಒಗ್ಗರಣೆಗೆ ಸೋಂಪು ಹಾಕಿದ್ದರಂತೆ.

ನನಗೆ ಹತ್ತೊಂಬತ್ತು, ಆಂಟಿಗೆ ಐವತ್ತಮೂರು. ಫ್ರೆಂಚ್, ಜರ್ಮನ್ ಎರಡನ್ನೂ ಕಲಿಸಿ ಅನುವಾದಕ್ಕೆ ತಯಾರು ಮಾಡುವ ಡಿಗ್ರಿಗೆ ಇಬ್ಬರೂ ಒಂದೇ ದಿನ ಸೇರಿದ್ದೆವು. ಅವರು ಒಳಗೆ ಬಂದಾಗ ಟೀಚರೆಂದುಕೊಂಡು ಕ್ಲಾಸೆಲ್ಲ ಮಾತು ನಿಲ್ಲಿಸಿತ್ತು. ನಾನು ಫೋನಿನಲ್ಲಿ ಅಮ್ಮನಿಗೆ "ಆಮೇಲೆ ಮಾಡ್ತೀನಿ" ಎಂದದ್ದು ಕೇಳಿಸಿಕೊಂಡು ನೆಟ್ಟಗೆ ಬಂದು ಪಕ್ಕದಲ್ಲಿ ಕೂತರು. "ಕನ್ನಡದಾಕಿ ಏನವ್ವ ನೀ? ಜೀವ ಬಂತು ನೋಡು."

ಧಾರವಾಡದ ಮಾತು, ಸ್ಟೀಲ್ ಡಬ್ಬಿಯಲ್ಲಿ ಚಪಾತಿ. ಮನೆಗೆಲಸ ಮುಗಿಸಿ ಬಂದು, ಬಸ್ಸಿನಲ್ಲಿ ನಿದ್ದೆ ಹೋಗಿ, ಇಳಿಯುವ ಸ್ಟಾಪ್ ದಾಟಿಬಿಡುತ್ತಿದ್ದರು. ದಣಿವು ನನಗೂ ಇತ್ತು. ಒಂದು ಭಾಷೆ ಗಟ್ಟಿಯಾಯಿತು ಅನ್ನುವಷ್ಟರಲ್ಲಿ ಇನ್ನೊಂದು ಸೋರಿಹೋಗಿರುತ್ತಿತ್ತು. ಜರ್ಮನ್ ಬಿಟ್ಟುಬಿಡುತ್ತೇನೆಂದು ನಾನು ಅತ್ತಾಗಲೆಲ್ಲ ಆಂಟಿ ಡಬ್ಬಿ ಬಿಚ್ಚುತ್ತಿದ್ದರು. "ಹಸದ ಹೊಟ್ಟ್ಯಾಗ ಏನೂ ಬಿಡಬಾರದು. ಮೊದಲ ಉಣ್ಣು, ಆಮ್ಯಾಲ ಬಿಡು." ಉಂಡ ಮೇಲೆ ಬಿಡುವ ಮನಸ್ಸಾಗುತ್ತಿರಲಿಲ್ಲ.

ಮೂರನೇ ವರ್ಷ ಅರ್ಧ ಫ್ರಾನ್ಸಿನಲ್ಲಿ, ಅರ್ಧ ಜರ್ಮನಿಯಲ್ಲಿ ಇರಲೇಬೇಕಿತ್ತು. ಆಂಟಿ ಫ್ರಾನ್ಸ್ ಮುಗಿಸಿ ಬಂದರು. ಜರ್ಮನಿಗೆ ಹೊರಡಲು ಒಂದು ವಾರವಿದ್ದಾಗ ಅಂಕಲ್‌ಗೆ ಲಕ್ವ ಹೊಡೆಯಿತು. ಕಟ್ಟಿದ ಸೂಟ್‌ಕೇಸ್ ಬಿಚ್ಚದೆ ಹಾಗೇ ಅಟ್ಟ ಸೇರಿತು. ಫ್ರೆಂಚ್ ಒಂದರಲ್ಲೇ ಡಿಗ್ರಿ ಮುಗಿಸಬಹುದು, ಇಲ್ಲವೇ ಮೂರು ವರ್ಷದೊಳಗೆ ಮರಳಿ ಬರಬಹುದು ಎಂದರು ವಿಭಾಗದವರು. ಆಂಟಿ ಒಂದೇ ಭಾಷೆಗೆ ಒಪ್ಪಲಿಲ್ಲ. "ಎರಡು ಅಂತ ಹೇಳಿ ಬಂದಾಕಿ ನಾ. ಒಯ್ದರ ಎರಡೂ ಒಯ್ತೀನಿ."

ನನ್ನ ಡಿಗ್ರಿ ಮುಗಿದಾಗ ಪೇಡೆ ಹಿಡಿದು ಅವರ ಮನೆಗೆ ಹೋಗಿದ್ದೆ. ನಾಚಿಕೆಯಾಗಿತ್ತು, ಅವರ ಚಪಾತಿ ತಿಂದು ಪಾಸಾದವಳು ನಾನು. ಅಂಕಲ್‌ಗೆ ಗಂಜಿ ಕುಡಿಸುತ್ತಿದ್ದ ಆಂಟಿ ಚಮಚ ಕೆಳಗಿಟ್ಟರು. "ಸಾಕಾಗ್ಯದವ್ವ ನನಗ," ಎಂದು, ಮೇಜಿನ ಮೇಲಿದ್ದ ಸಕ್ಕರೆ ಡಬ್ಬಿಯ ಜರ್ಮನ್ ಚೀಟಿಯನ್ನು ಉಗುರಿನಿಂದ ಕೀಳತೊಡಗಿದರು. ಅಂಕಲ್ ಚೆನ್ನಾಗಿದ್ದ ಒಂದು ಕೈಯನ್ನು ಡಬ್ಬಿಯ ಮೇಲಿಟ್ಟು ಒತ್ತಿ ಹಿಡಿದರು. ತೊದಲುತ್ತ "ಬ್ಯಾಡ" ಎಂದರು. ಯಾರೂ ಪೇಡೆ ಮುಟ್ಟಲಿಲ್ಲ.

ಆಮೇಲೆ ನಾನು ಬರ್ಮಿಂಗ್‌ಹ್ಯಾಮಿಗೆ ಬಂದೆ. ಈಗ ದಿನವಿಡೀ ವಾಷಿಂಗ್ ಮೆಷಿನ್ನಿನ ಕೈಪಿಡಿ ಅನುವಾದಿಸುತ್ತೇನೆ. ಅಷ್ಟು ಅತ್ತಿದ್ದು ಇದಕ್ಕೇನಾ ಅನ್ನಿಸುತ್ತದೆ.

ಆಂಟಿಗೆ ಕೊಟ್ಟಿದ್ದ ಮೂರು ವರ್ಷದ ಗಡುವು ಮುಗಿಯುವ ಹೊತ್ತಿಗೆ ಲೀಡ್ಸಿಗೆ ಹೋದೆ. ಬಾಗಿಲು ತೆರೆದವರು ಅಂಕಲ್, ಕೋಲೂರಿಕೊಂಡು. ಆಂಟಿ ಜರ್ಮನಿಯ ಲೈಪ್‌ಜಿಗ್‌ಗೆ ಹೋಗಿ ಎರಡು ತಿಂಗಳಾಗಿತ್ತು. ಬೆಳಿಗ್ಗೆ ಆರೈಕೆಗೆ ಒಬ್ಬ ಕೇರರ್ ಬರುತ್ತಾಳೆ, ಉಳಿದದ್ದು ತಾವೇ ಎಂದರು. ಚಹಾಕ್ಕಿಟ್ಟು, ಕನ್ನಡಕ ಸರಿಮಾಡಿಕೊಂಡು, ಡಬ್ಬಿಗಳ ಸಾಲಿನಲ್ಲಿ ಬೆರಳಾಡಿಸುತ್ತ ಹೋದರು. ಅಂಚು ಹರಿದ ಚೀಟಿಯ ಹತ್ತಿರ ಬೆರಳು ನಿಂತಿತು. "ತ್ಸು...ಕರ್," ಎಂದು ಓದಿ ಸಕ್ಕರೆ ತೆಗೆದರು.

ನೋಡಲಾಗಲಿಲ್ಲ. "ಕನ್ನಡದಲ್ಲಿ ಬರೆದು ಅಂಟಿಸ್ಲಾ ಅಂಕಲ್?" ಎಂದೆ.

"ಬ್ಯಾಡವ್ವ. ರವಿವಾರ ಫೋನಿನ್ಯಾಗ ಆಕಿ ಪರೀಕ್ಷಾ ತಗೋತಾಳ," ಎಂದರು. "ಹೋದ ವಾರ ಎರಡ ತಪ್ಪಾದವು."