ಹನ್ನೊಂದು ಗಂಟೆಯ ವಾಸನೆ

ನಾನು ಸಿಟ್ಟಿನವಳು. ಅಡುಗೆ ಪುಸ್ತಕಗಳ ವಿಷಯಕ್ಕೆ ಬಂದರಂತೂ ಈಗಲೂ ಮೈ ಉರಿಯುತ್ತದೆ.

ಅಮ್ಮನ ಕಾಲು ಬಾತಿತ್ತು. ಹೃದಯ ಸೋತಿದೆ, ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ ವಾರವೇ ನಾನು ಪುಸ್ತಕ ಹುಡುಕಲು ಹೊರಟೆ. ಅಪ್ಪ ಹೋದಮೇಲೆ ಮುರ್ಡೇಶ್ವರದ ಮನೆಯಲ್ಲಿ ನಾವಿಬ್ಬರೇ. ನಾನು ದಿನಾ ಬೆಳಗಿನ ರೈಲಿಗೆ ಕುಮಟೆಯ ಆಫೀಸಿಗೆ ಹೋಗುವವಳು. ಅಮ್ಮ ತಲೆಯ ಮೇಲೆ ಮೀನುಬುಟ್ಟಿ ಹೊತ್ತು ನನ್ನನ್ನು ಓದಿಸಿದವಳು. ಅವಳ ಅಡುಗೆಯೆಲ್ಲ ಕೈಯಂದಾಜು. ನನಗೋ ಬರೆದದ್ದು ಕಣ್ಣಮುಂದೆ ಇಲ್ಲದಿದ್ದರೆ ಗಂಜಿಯೂ ತಳ ಹಿಡಿಯುತ್ತದೆ.

ಕುಮಟೆಯ ಅಂಗಡಿಯಲ್ಲಿ ಸಿಕ್ಕ ಪುಸ್ತಕ ಫಳಫಳ ಹೊಳೆಯುತ್ತಿತ್ತು. ತೆರೆದರೆ ಓಟ್ಸ್, ಬ್ರೊಕೊಲಿ, ಆಲಿವ್ ಎಣ್ಣೆ. ನಮ್ಮ ಅಡುಗೆಮನೆಯಲ್ಲಿ ಇದ್ದದ್ದು ಕುಚ್ಚಲಕ್ಕಿ, ತೆಂಗಿನಕಾಯಿ, ಕೊತ್ತಂಬರಿ, ಹಿತ್ತಲ ಬಸಳೆ. ಹೊನ್ನಾವರದಲ್ಲಿ ಕೇಳಿದರೆ ಹಬ್ಬದ ಸಿಹಿತಿಂಡಿಗಳ ಪುಸ್ತಕ ಕೊಟ್ಟರು. ಹೃದಯದ ರೋಗಿಗೆ ಹೋಳಿಗೆ ಮಾಡಿ ಹಾಕಬೇಕೇನು ಎಂದು ಅಂಗಡಿಯವನ ಮೇಲೆ ಹರಿಹಾಯ್ದೆ. ಪಾಪ, ಅವನದೇನು ತಪ್ಪು?

ಕೊನೆಗೆ ಸಿಕ್ಕಿದ್ದು ಭಟ್ಕಳದ ಒಂದು ರದ್ದಿ ಅಂಗಡಿಯಲ್ಲಿ. ಹೊದಿಕೆ ಹರಿದ ಸಣ್ಣ ಪುಸ್ತಕ; ಮನೆಯಲ್ಲಿ ಇದ್ದದ್ದರಲ್ಲೇ ಕಾಯಿಲೆಯವರಿಗೆ ಮಾಡುವ ಅಡುಗೆಗಳು. ಗಂಜಿ, ತಂಬುಳಿ, ಸಪ್ಪೆ ಸಾರು, ಸೋರೆಕಾಯಿ ಪಲ್ಯ. ದೇವರೇ ಕೈಗಿಟ್ಟ ಎಂದುಕೊಂಡು ಎದೆಗೊತ್ತಿಕೊಂಡು ಬಂದೆ. ಅಂದಿನಿಂದ ಏಳು ತಿಂಗಳು ಆ ಪುಸ್ತಕ ಬಿಟ್ಟು ಒಂದು ಸೌಟೂ ಅಲ್ಲಾಡಿಸಲಿಲ್ಲ. ಅಮ್ಮ ಹಾಕಿದ್ದನ್ನು ಉಂಡಳು. ಚೆನ್ನಾಗಿದೆ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಒಂದೇ ಒಂದು ಸಲ ಕೇಳಿದಳು. ಸಿಗಡಿಯನ್ನು ನಮ್ಮ ಕಡೆ ಶೆಟ್ಲಿ ಅನ್ನುತ್ತಾರೆ. ಮಳೆಗಾಲಕ್ಕೆಂದು ಅದನ್ನು ಉಪ್ಪು ಹಾಕಿ ಒಣಗಿಸಿ ಡಬ್ಬಿ ತುಂಬಿಡುತ್ತೇವೆ. ಅದನ್ನು ಹುರಿದು, ಕಾಯಿತುರಿ, ಒಣಮೆಣಸು, ಹುಳಿ ಸೇರಿಸಿ ಅರೆದ ಚಟ್ನಿಯಿದ್ದರೆ ಅಮ್ಮನಿಗೆ ಬೇರೇನೂ ಬೇಡ.

"ಒಂದು ಚಿಟಿಕೆ ಒಣ ಶೆಟ್ಲಿ ಚಟ್ನಿ ಮಾಡ್ತ್ಯಾ? ನಾಲಿಗೆಗೆ ಮುಟ್ಟಿಸ್ಕಂಬುಕೆ," ಎಂದಳು.

ಹಗಲೆಲ್ಲ ದುಡಿದು ಬಂದ ನನಗೆ ಸಿಟ್ಟು ನೆತ್ತಿಗೇರಿತು. ಪುಸ್ತಕವನ್ನು ಅವಳ ಮುಂದೆ ಬಡಿದು, ಇದರಲ್ಲಿ ಎಲ್ಲಿದೆ ತೋರಿಸು ಎಂದೆ. ಅಮ್ಮನಿಗೆ ಓದು ಬರುತ್ತಿರಲಿಲ್ಲ. ಅದು ಗೊತ್ತಿದ್ದೇ ಅಂದೆ. ಆಮೇಲೆ ಅವಳು ಕೇಳಲಿಲ್ಲ. ಮಳೆ ಹಿಡಿಯುವ ಮೊದಲೇ ಹೋಗಿಬಿಟ್ಟಳು.

ಸೂತಕದ ಮನೆಯಲ್ಲಿ ಒಗ್ಗರಣೆ ಸಿಡಿಸುವಂತಿಲ್ಲ, ಮೀನಿನ ಮಾತೇ ಇಲ್ಲ. ನಮ್ಮ ಕೇರಿಯಲ್ಲಿ ಪಕ್ಕದ ಮನೆಯವರೂ ಆ ದಿನಗಳಲ್ಲಿ ಹುರಿಯುವುದು ಕರಿಯುವುದು ಬಿಡುತ್ತಾರೆ. ಆದರೆ ಮೂರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಒಣ ಶೆಟ್ಲಿ ಹುರಿಯುವ ವಾಸನೆ ನಮ್ಮ ಅಡುಗೆಮನೆಯೊಳಗೆ ಬಂದು ನಿಂತಿತು. ಒಲೆ ಮುಟ್ಟಿ ನೋಡಿದೆ, ತಣ್ಣಗಿತ್ತು. ನಾಲ್ಕನೆಯ ದಿನವೂ ಅದೇ ಹೊತ್ತಿಗೆ ಬಂತು. ಐದನೆಯ ದಿನ ನಾನು ಅಡುಗೆಮನೆಗೆ ಹೋಗದೆ ಜಗುಲಿಯಲ್ಲೇ ಮುದುರಿ ಕೂತೆ. ಸುಳ್ಳು ಯಾಕೆ ಹೇಳಲಿ, ಹೆತ್ತ ತಾಯಿಗೇ ಹೆದರಿದೆ.

ಆರನೆಯ ದಿನ ಹೆದರಿಕೆ ಹೋಗಿ ಸಿಟ್ಟು ಬಂತು. ವಾಸನೆ ಹಿಡಿದು ಹಿತ್ತಲು ದಾಟಿದರೆ ಅದು ಪಕ್ಕದ ಮನೆಯ ಚಿಕ್ಕಮ್ಮನ ಒಲೆ. ಸಂಬಂಧದಿಂದ ಚಿಕ್ಕಮ್ಮ ಅಲ್ಲ. ಅಮ್ಮನ ಜೊತೆ ಬುಟ್ಟಿ ಹೊತ್ತವಳು, ನಾನು ಕರೆಯುವುದು ಹಾಗೆ. ಬಾಣಲೆಯಲ್ಲಿ ಒಂದು ಮುಷ್ಟಿ ಶೆಟ್ಲಿ ಕೆಂಪಾಗುತ್ತಿತ್ತು. ಸಾವಿನ ಮನೆ ಪಕ್ಕದಲ್ಲಿದೆ, ನಾಚಿಕೆ ಇಲ್ಲವೇ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ಒಲೆ ಸಣ್ಣ ಮಾಡಿದಳು.

"ನೀ ರೈಲಿಗೆ ಹೋದ ಮೇಲೆ ನಿನ್ನ ಅಮ್ಮ ಬರ್ತಿತ್ತು ತಂಗಿ. ಹನ್ನೊಂದಕ್ಕೆ. ಚೂರು ಹುರಿಯೆ ಅಂತಿತ್ತು."

ಹಾಗಾದರೆ ಕದ್ದು ತಿಂದಳು, ಅದರಿಂದಲೇ ಹೋದಳು ಎಂದು ಅಲ್ಲೇ ನಿರ್ಧರಿಸಿಬಿಟ್ಟೆ. ಎಷ್ಟು ತಿನ್ನುತ್ತಿದ್ದಳು ಎಂದು ಕೇಳಿದೆ.

"ತಿಂಬುದೆಲ್ಲಿ? ಇಲ್ಲೇ ಮಣೆ ಮೇಲೆ ಕೂತು ವಾಸನೆ ತಗಂಡು ಹೋಗ್ತಿತ್ತು. ಒಂದು ಬಾಯಿಗೆ ಹಾಕ್ಕ, ಯಾರಿಗೂ ಗೊತ್ತಾಗೂದಿಲ್ಲ ಅಂದೆ. ಮಗಳು ಅಷ್ಟು ಊರು ತಿರುಗಿ ಪುಸ್ತಕ ತಂದು ಮಾಡ್ತದೆ, ಬ್ಯಾಡ ಅಂತು."

ಹಾಗಾದರೆ ಈಗ ಯಾರಿಗಾಗಿ ಹುರಿಯುವುದು ಎಂದು ಕೇಳಿದೆ.

"ಬಂದ್ರೆ?" ಎಂದಳು ಚಿಕ್ಕಮ್ಮ.

ಹದಿಮೂರನೆಯ ದಿನ ಎಡೆಯಲ್ಲಿ ಆ ಚಟ್ನಿಯನ್ನೂ ಇಟ್ಟೆವು. ಆಮೇಲೆ ಚಿಕ್ಕಮ್ಮನೂ ಹುರಿಯುವುದನ್ನು ನಿಲ್ಲಿಸಿದಳು. ಪುಸ್ತಕವನ್ನು ಎಸೆಯಲೂ ಆಗದೆ, ನೋಡಲೂ ಆಗದೆ, ಅಕ್ಕಿ ಡಬ್ಬಿಯ ಹಿಂದೆ ತಳ್ಳಿದೆ. ಮನೆಯಲ್ಲಿ ಇದ್ದದ್ದರಲ್ಲೇ ಅಡುಗೆ ಎಂದು ಹುಡುಕಿ ಹುಡುಕಿ ತಂದವಳು ನಾನು. ಅಟ್ಟದ ಮೇಲಿನ ಒಣ ಶೆಟ್ಲಿಯ ಡಬ್ಬಿ ಮನೆಯಲ್ಲೇ ಇತ್ತು. ಕೇಳಿದ್ದು ಚಿಟಿಕೆ. ಅಷ್ಟಕ್ಕೆ ಏನೂ ಆಗುತ್ತಿರಲಿಲ್ಲ ಎಂದು ಆಮೇಲೆ ಡಾಕ್ಟರೇ ಅಂದರು.

ಮೊನ್ನೆ ಭಾನುವಾರ ಹನ್ನೊಂದಕ್ಕೆ ಮತ್ತೆ ಆ ವಾಸನೆ ಬಂತು. ಹಿತ್ತಲಿಗೆ ಹೋಗಿ ನೋಡಿದೆ. ಚಿಕ್ಕಮ್ಮ ಹೊನ್ನಾವರದ ಮಗಳ ಮನೆಗೆ ಹೋಗಿ ವಾರವಾಗಿತ್ತು, ಬಾಗಿಲಿಗೆ ಬೀಗ. ಈ ಸಲ ನಾನು ಹೆದರಲಿಲ್ಲ. ಒಳಗೆ ಬಂದು ಅಟ್ಟದಿಂದ ಡಬ್ಬಿ ಇಳಿಸಿದೆ, ಅಳೆಯದೆ ಕೈತುಂಬ ತೆಗೆದು ಹುರಿದೆ, ಅರೆದೆ. ಅಮ್ಮ ಕೂರುತ್ತಿದ್ದ ಕಡೆ ಮಣೆ ಹಾಕಿ, ಗಂಜಿಯ ಪಕ್ಕ ಬಡಿಸಿದೆ.

"ತಿನ್ನೆ ಅಮ್ಮ," ಎಂದೆ. "ನಾ ಎಂತದೂ ಹೇಳೂದಿಲ್ಲ."